ಎಂಬತ್ತೆಂಟರ ಬಿಲ್ಲೆ

ರವಿಕೆಯ ಹುಕ್ಕೊಂದು ಕಿತ್ತುಹೋಗಿತ್ತು. ಹೊಸದನ್ನು ಹುಡುಕಲು ಗುಂಡಿ ಡಬ್ಬಿ ತೆಗೆದೆ. ನೀವು ಯಾರ ಮನೆಯ ಗುಂಡಿ ಡಬ್ಬಿಯನ್ನಾದರೂ ತೆಗೆದು ನೋಡಿ, ಬೇಕಾದ ಗುಂಡಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿರುತ್ತದೆ. ನನ್ನದು ಮೊದಲು ಬಿಸ್ಕತ್ತಿನ ಡಬ್ಬಿಯಾಗಿತ್ತು. ಮುಚ್ಚಳದ ಮೇಲಿದ್ದ ರಾಣಿಯ ಮುಖ ಸವೆದು ಈಗ ಬರೀ ಕಿರೀಟ ಉಳಿದಿದೆ. ಒಳಗೆ ಒಂಟಿ ಕಿವಿಯೋಲೆ, ಯಾವ ಬೀಗಕ್ಕೂ ಸೇರದ ಕೀಲಿಕೈ, ಎಂದೋ ಚಿಂದಿಯಾದ ಕೋಟಿನ ದಪ್ಪ ಗುಂಡಿಗಳು. ಅವೆಲ್ಲದರ ತಳದಲ್ಲಿ ಮರದ ಒಂದು ಪುಟ್ಟ ಬಿಲ್ಲೆ. ಅದರ ಒಂದು ಮುಖದ ಮೇಲೆ ಕೆಂಪು ಬಣ್ಣದಲ್ಲಿ 88 ಎಂದು ಬರೆದಿದೆ.

ಹುಕ್ಕು ಮರೆತೇಹೋಯಿತು. ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಒಬ್ಬಳೇ ನಗುತ್ತ ಕುಳಿತೆ. ಈ ವಯಸ್ಸಿನಲ್ಲಿ ಒಬ್ಬಳೇ ನಗುತ್ತ ಕೂರುವುದು ಅಷ್ಟು ಕ್ಷೇಮವಲ್ಲ. ಮನೆಯವರು ಕೂಡಲೇ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಪುಣ್ಯಕ್ಕೆ ಆ ಹೊತ್ತಿಗೆ ಮನೆಯಲ್ಲಿದ್ದವಳು ನಿಕ್ಕಿ ಒಬ್ಬಳೇ. ನನ್ನ ತಂಗಿಯ ಮೊಮ್ಮಗಳು, ಲಿಂಗಸುಗೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಾಳೆ. ಅವಳೋ, ನಾನು ನಕ್ಕರೂ ಅತ್ತರೂ ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಸೋಫಾದ ಮೇಲೆ ಬೋರಲಾಗಿ ಬಿದ್ದಿದ್ದಳು. ಅವಳ ಹೊಲ ಮುಳುಗಿಹೋಗಿತ್ತು.

ಗಾಬರಿಯಾಗಬೇಡಿ, ನಿಜವಾದ ಹೊಲವಲ್ಲ, ಫೋನಿನೊಳಗಿನದು. ಕಿಟಕಿಯಿಂದ ತಲೆ ಹೊರಹಾಕಿದರೆ ನಿಜವಾದ ಹೊಲಗಳೇ ಕಾಣುವ ಊರಿನಲ್ಲಿ ಈ ಹುಡುಗಿ ಫೋನಿನೊಳಗೆ ಟೊಮ್ಯಾಟೊ ಬೆಳೆಯುತ್ತಿದ್ದಳು. ಅಲ್ಲಿ ಅವಳಿಗೆ ಎರಡು ಕುದುರೆ, ಒಂದು ಗಾಳಿಯಂತ್ರ, ಪಕ್ಕದ ಹೊಲದಲ್ಲಿ ಬ್ರೆಜಿಲ್ ದೇಶದ ಗೆಳತಿ. ಆ ಆಟ ನಡೆಸುವ ಕಂಪನಿ ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತದಂತೆ. ಕುದುರೆ, ಗಾಳಿಯಂತ್ರ, ಬ್ರೆಜಿಲ್ ಎಲ್ಲವೂ ಮಾಯ.

“ಅಜ್ಜಿ, ಲಾಸ್ ಆಗಿ ಮುಚ್ಚಿದ್ರ ಹೋಗ್ಲಿ ಅನ್ಬೋದಿತ್ತು. ಪ್ರಾಫಿಟ್ ಇತ್ತಂತ! ರೊಕ್ಕ ಬರಾಕತ್ತಿದ್ದ ಆಟಾನ ಯಾರರ ಮುಚ್ತಾರೇನು?” ಎಂದಳು ದಿಂಬಿನೊಳಗಿಂದ.

“ಮುಚ್ತಾರ, ಡಾರ್ಲಿಂಗ್. ನಾನ ಕಣ್ಣಾರೆ ನೋಡೀನಿ.”

“ನಿಮ್ ಕಾಲದಾಗ ಆನ್‌ಲೈನ್ ಗೇಮ್ ಎಲ್ಲಿತ್ತು?”

“ಇತ್ತು. ಸಿಂಧನೂರಾಗ ಇತ್ತು. ಕಂಬದಿಂದ ಕಂಬಕ್ಕ ಕರೀ ವೈರ್ ಎಳದಿದ್ರು. ಊರೆಲ್ಲಾ ಅದರಾಗ ಕೂತು ಆಡ್ತಿತ್ತು. ನಿನ್ನ ಬ್ರೆಜಿಲ್ ಇದ್ದಂಗ ನಮಗ ಗೊರೇಬಾಳ.”

ದಿಂಬಿನಿಂದ ಒಂದು ಕಣ್ಣು ಹೊರಗೆ ಬಂತು. ಮಕ್ಕಳ ಒಂದು ಕಣ್ಣು ಸಿಕ್ಕರೆ ಸಾಕು, ನನ್ನಂಥವಳಿಗೆ ಕಥೆ ಶುರುಮಾಡಲು ಇನ್ನೇನೂ ಬೇಡ. ನೀವೂ ಎರಡೂ ಕಣ್ಣು ಕೊಟ್ಟು ಕೇಳಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರು ಕಾಲುವೆ ಇಲಾಖೆಯಲ್ಲಿ ಇಂಜಿನಿಯರು. ಸಿಂಧನೂರಿನಲ್ಲಿ ಕ್ವಾರ್ಟರ್ಸು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಊಟದ ಮೇಜಿನ ಮೇಲೆ ಮೊಣಕೈ ಊರಬಾರದು, ಸೀನು ಬಂದರೆ ಎಕ್ಸ್‌ಕ್ಯೂಸ್ ಮೀ ಎನ್ನಬೇಕು, ಸೂಪು ಕುಡಿಯುವಾಗ ಸದ್ದು ಬರಬಾರದು, ಇಂಥವೆಲ್ಲ ಅಚ್ಚುಕಟ್ಟಾಗಿ ಕಲಿತಿದ್ದೆ. ಸಿಂಧನೂರಿನಲ್ಲಿ ಸೂಪೇ ಇರಲಿಲ್ಲ. ನೆಲದ ಮೇಲೆ ಕೂತು ಖಡಕ್ ರೊಟ್ಟಿ ಮುರಿಯುವಾಗ ಬರುವ ಸದ್ದಿಗೆ ಸಿಸ್ಟರ್ ಅಗಾಥಾ ಏನೆನ್ನುತ್ತಿದ್ದರೋ! ಹೀಗೆ, ಕಲಿತ ವಿದ್ಯೆಯೆಲ್ಲ ಟ್ರಂಕಿನ ತಳ ಸೇರಿದ್ದ ಹೊತ್ತಿನಲ್ಲಿ, ಒಂದು ವಿದ್ಯೆಗೆ ಮಾತ್ರ ಊರಿನಲ್ಲಿ ಗಿರಾಕಿ ಸಿಕ್ಕಿತು. ಅದು ಹೌಸಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದರಿಂದ ತೊಂಬತ್ತರವರೆಗಿನ ಬಿಲ್ಲೆಗಳನ್ನು ಚೀಲದಲ್ಲಿ ಹಾಕಿ ಕುಲುಕಿ ಒಂದೊಂದಾಗಿ ತೆಗೆದು ಕೂಗಬೇಕು. ಆಡುವವರ ಕೈಯಲ್ಲಿ ಚೀಟಿ. ಕೂಗಿದ ನಂಬರು ತಮ್ಮ ಚೀಟಿಯಲ್ಲಿದ್ದರೆ ಹೊಡೆದುಹಾಕಬೇಕು. ಎಲ್ಲ ನಂಬರೂ ಮೊದಲು ಹೊಡೆದವರಿಗೆ ಫುಲ್ ಹೌಸ್. ಬುದ್ಧಿ ಬೇಡ, ಶಕ್ತಿ ಬೇಡ. ಕಿವಿ ಇದ್ದರೆ ಸಾಕು. ಹಟ್ಟಿಯ ಗಣಿಯ ಕಡೆಗೆ ಸಾಹೇಬರ ಹೆಂಡಂದಿರು ಕ್ಲಬ್ಬಿನಲ್ಲಿ ಆಡುತ್ತಾರೆಂದು ಕೇಳಿದ್ದೆವು. ಚಿನ್ನ ತೆಗೆಯುವ ಊರಿನವರಿಗೆ ಇದರಲ್ಲೇನು ಸಿಗುತ್ತದೋ ಎಂದು ಆಶ್ಚರ್ಯಪಟ್ಟಿದ್ದೆವು.

ಸಿಂಧನೂರಿಗೆ ಆಗಷ್ಟೇ ಕೇಬಲ್ ಟೀವಿ ಬಂದಿತ್ತು. ತಂದವರು ಖಾಜಾಸಾಬರು. ಎಲೆಯಡಿಕೆಯ ಕೆಂಪು ತುಟಿ, ಸದಾ ಹೆಗಲ ಮೇಲೊಂದು ಏಣಿ. ಅವರ ಮಾಳಿಗೆಯ ಮೇಲಿದ್ದ ದೊಡ್ಡ ಡಿಶ್ಶಿಗೆ ಹೆಂಗಸರು ಬೋಗುಣಿ ಎನ್ನುತ್ತಿದ್ದರು. ‘ಖಾಜಾಸಾಬನ ಬೋಗುಣಿ ಗಾಳಿಗೆ ತಿರುಗೇತಿ, ಅದಕ್ಕ ಚಿತ್ರ ಕುಣಿಯಾಕತ್ತದ’ ಎಂಬುದು ಆಗಿನ ಮುಖ್ಯ ವಾರ್ತೆ. ರಾತ್ರಿ ಸಿನಿಮಾ ಹಾಕುತ್ತಿದ್ದರು. ಭಾನುವಾರದ ಮಧ್ಯಾಹ್ನ ಮಾತ್ರ ಚಾನೆಲ್ಲು ಖಾಲಿ ಹೊಡೆಯುತ್ತಿತ್ತು. ಅದಕ್ಕೊಂದು ದಾರಿ ಹುಡುಕುತ್ತ, ಏಣಿಯನ್ನು ನಮ್ಮ ಗೋಡೆಗೆ ಒರಗಿಸಿ, ಒಂದು ದಿನ ನನ್ನೆದುರು ಕೈಕಟ್ಟಿ ನಿಂತರು.

“ಮೇಡಮ್ಮೋರ, ಕೇಬಲ್‌ನ್ಯಾಗ ಹೌಸಿ ಆಡಿಸ್ಬೇಕಂತ ಮಾಡೀನ್ರಿ. ನಂಬರ್ ಕರಿಯೋರು ಇಂಗ್ಲಿಷಿನೋರು ಬೇಕ್ರೀ. ನಾ ಕರದ್ರ ಬಸ್ ಸ್ಟ್ಯಾಂಡಿನ್ಯಾಗ ಕರದಂಗಾಗತದ.”

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿದರು. ಇಲಾಖೆಯವರ ಹೆಂಡತಿ ಊರ ಟೀವಿಯಲ್ಲಿ! ಅಪ್ಪಣೆ ಸಿಕ್ಕಿತು, ಆದರೆ ಒಂದು ಕಂಡಿಷನ್ನು: ಮುಖ ಕಾಣಿಸಬಾರದು. ಹೀಗಾಗಿ ಮದುವೆ ವಿಡಿಯೊ ತೆಗೆಯುವವರಿಂದ ಬಾಡಿಗೆಗೆ ತಂದ ಕ್ಯಾಮೆರಾ ಖಾಜಾಸಾಬರ ಪಡಸಾಲೆಯ ಮೇಜಿಗೆ ಕಣ್ಣು ನೆಟ್ಟು ನಿಂತಿತು. ಆ ಮೇಜಿನ ಮೇಲೆ ನಮ್ಮತ್ತೆಯವರ ಕಾಲದ ಎಲೆಯಡಿಕೆ ಸಂಚಿ, ಸಂಚಿಯೊಳಗೆ ಬಡಿಗೇರ ಮಾಡಿಕೊಟ್ಟ ತೊಂಬತ್ತು ಮರದ ಬಿಲ್ಲೆ, ಪಕ್ಕದಲ್ಲಿ ಮೈಕು, ಮತ್ತೆ ನನ್ನ ಎರಡು ಕೈ. ಸಿಂಧನೂರಿಗೆ ನಾನು ಬರೀ ಎರಡು ಕೈ ಮತ್ತು ಒಂದು ದನಿ.

ನನ್ನ ಕೈಗಳಿಗೆ ಆಗ ಬಂದ ಖ್ಯಾತಿ ನನ್ನ ಮುಖಕ್ಕೆ ಎಂದೂ ಬಂದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ, “ಯವ್ವಾ, ಹೌಸಿ ಕೈ ಬಂದಾವ ನೋಡು” ಎಂದು ಮಾರುವಾಕೆ ಪಕ್ಕದವಳನ್ನು ತಿವಿಯುತ್ತಿದ್ದಳು. ಬಳೆಗಾರ್ತಿ ಮಲ್ಲಮ್ಮ ಶನಿವಾರಕ್ಕೊಮ್ಮೆ ಬಂದು ಹೊಸ ಬಳೆಗಳನ್ನು ಪುಕ್ಕಟೆಯಾಗಿ ತೊಡಿಸಿ ಹೋಗುತ್ತಿದ್ದಳು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡಿದ್ದೆ. ಸೋಮವಾರ ಅವೇ ಬಳೆಗಳನ್ನು ‘ಹೌಸಿ ಬಳಿ’ ಎಂದು ಓಣಿ ಓಣಿಯಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದಳೆಂದು ಆಮೇಲೆ ತಿಳಿಯಿತು. ನಿಕ್ಕಿಯ ಪ್ರಕಾರ ಇದಕ್ಕೆ ಈಗ ದೊಡ್ಡ ಇಂಗ್ಲಿಷ್ ಹೆಸರಿದೆಯಂತೆ, ಅದನ್ನು ಮಾಡುವ ಹುಡುಗಿಯರು ಕಾರು ಕೊಳ್ಳುತ್ತಾರಂತೆ. ನನಗೆ ಸಿಕ್ಕಿದ್ದು ಬಳೆ.

ಟಿಕೆಟ್ಟು ಮಾರುತ್ತಿದ್ದವಳೂ ಮಲ್ಲಮ್ಮನೇ. ಹೊಸ್ತಿಲು ದಾಟದ ಹೆಂಗಸರಿರುವ ಮನೆಗಳಿಗೂ ಅವಳ ಬಳೆ ಮಲಾರ ಒಳಗಿನ ಕೋಣೆಯವರೆಗೆ ಹೋಗುತ್ತಿತ್ತು. ಬಳೆಯ ಜೊತೆಗೆ ಟಿಕೆಟ್ಟೂ ಹೋಯಿತು. ಭಾನುವಾರ ಮಧ್ಯಾಹ್ನ ಊರು ಸ್ತಬ್ಧ. ಕೇಬಲ್ಲು ಇಲ್ಲದ ಗೊರೇಬಾಳದವರು ಸೈಕಲ್ ಮೇಲೆ, ತುರ್ವಿಹಾಳದವರು ಬಸ್ಸಿನಲ್ಲಿ ಬಂದು ನೆಂಟರ ಮನೆಯಲ್ಲಿ ಠಿಕಾಣಿ ಹೂಡುತ್ತಿದ್ದರು. ನೆಂಟಸ್ತಿಕೆಯೇ ಇಲ್ಲದವರು ಹುಡುಕಿಕೊಳ್ಳುತ್ತಿದ್ದರು. ಮಸ್ಕಿಯಿಂದ ನನ್ನ ನಾದಿನಿ, ಅಣ್ಣನನ್ನು ನೋಡಬೇಕೆನಿಸಿತು ಎಂದು ವಾರವಾರ ಬಂದಳು. ಬಂದವಳು ಅಣ್ಣನಿಗೆ ಬೆನ್ನು ಮಾಡಿ ಟೀವಿ ನೋಡಿದಳು.

ಆಟದಲ್ಲಿ ಒಂದು ತೊಡಕಿತ್ತು. ಗೆದ್ದವರು ಗೆದ್ದೆವೆಂದು ತಿಳಿಸುವುದು ಹೇಗೆ? ಫೋನು ಇದ್ದವರು ಫೋನು ಮಾಡಬೇಕು, ಇಲ್ಲದವರ ಮನೆಯಿಂದ ಯಾರಾದರೂ ಓಡಿ ಬಂದು ಖಾಜಾಸಾಬರ ಬಾಗಿಲಲ್ಲಿ “ಆತು!” ಎಂದು ಕೂಗಬೇಕು. ಊರ ಆ ತುದಿಯಿಂದ ಓಡಿ ಬರುವಷ್ಟು ಹೊತ್ತು ನಾನು ಮುಂದಿನ ಬಿಲ್ಲೆ ತೆಗೆಯುವಂತಿಲ್ಲ. ಆ ಹೊತ್ತನ್ನು ಏನು ಹಾಕಿ ತುಂಬುವುದು? ಮಾತು ಹಾಕಿ ತುಂಬಿದೆ.

ಕಾನ್ವೆಂಟಿನಲ್ಲಿ ನಂಬರುಗಳಿಗೆ ಅಡ್ಡಹೆಸರು ಹೇಳಿಕೊಟ್ಟಿದ್ದರು. ಲೆಗ್ಸ್ ಇಲೆವೆನ್, ಟೂ ಲಿಟಲ್ ಡಕ್ಸ್ ಟ್ವೆಂಟಿಟೂ. ಅವನ್ನೇ ಎರಡು ವಾರ ಕೂಗಿದೆ. ಊರು ಮರ್ಯಾದೆಯಿಂದ ಕೇಳಿಸಿಕೊಂಡಿತು. ಮೂರನೇ ವಾರ ನಾಲಿಗೆ ತಾನೇ ಸಿಂಧನೂರಿಗೆ ಇಳಿಯಿತು. ಹನ್ನೊಂದು, ಖಾಜಾಸಾಬರ ಏಣಿ. ಇಪ್ಪತ್ತೆರಡು, ಭತ್ತದ ಗದ್ದೆಯಲ್ಲಿ ಕತ್ತು ಬಗ್ಗಿಸಿದ ಎರಡು ಕೊಕ್ಕರೆ. ಒಂದು, ಓಣಿಗೊಂದೇ ನಳ. ತೊಂಬತ್ತು, ತುರ್ವಿಹಾಳದ ಕೊನೇ ಬಸ್ಸು, ತಪ್ಪಿದರೆ ನಡಿಯಿರಿ. ಅಂದಿನಿಂದ ಊರು ಟಿಕೆಟ್ಟಿಗಿಂತ ಮಾತಿಗೆ ಕಾಯತೊಡಗಿತು. ಯಾವ ನಂಬರಿಗೆ ಯಾವ ಹೆಸರಿಡಬೇಕೆಂದು ಮಲ್ಲಮ್ಮನ ಮೂಲಕ ಸಲಹೆಗಳು ಬಂದವು. ಅತ್ತೆಯಂದಿರ ಬಗ್ಗೆ ಬಂದವನ್ನೆಲ್ಲ ಕೂಗಿದ್ದರೆ ಕ್ವಾರ್ಟರ್ಸ್ ಖಾಲಿ ಮಾಡಬೇಕಾಗುತ್ತಿತ್ತು.

ಎಡವಟ್ಟಾಗಿದ್ದು ಎಂಬತ್ತೆಂಟರಲ್ಲಿ. ಇಂಗ್ಲಿಷಿನಲ್ಲಿ ಅದು ಟೂ ಫ್ಯಾಟ್ ಲೇಡೀಸ್. ನಾನು ಸುಮ್ಮನೆ “ಇಬ್ಬರು ದಪ್ಪನ್ನ ಗೌಡಸಾನಿಯರು, ಒಬ್ಬರ ಹಿಂದ ಒಬ್ಬರು, ಎಂಬತ್ತೆಂಟು” ಎಂದುಬಿಟ್ಟೆ. ಅಕ್ಕಿ ಗಿರಣಿಯ ವೀರಭದ್ರಪ್ಪನವರ ಹೆಂಡತಿ ಗೌರಮ್ಮ ಮತ್ತು ಅವರ ನೆಗೆಣ್ಣಿ, ಇಬ್ಬರೂ ಪುಷ್ಟವಾದವರು, ಎಲ್ಲಿಗೆ ಹೋದರೂ ಒಬ್ಬರ ಹಿಂದೆ ಒಬ್ಬರು ಹೋಗುವವರು. ದೇವರಾಣೆ ಅವರು ನನ್ನ ತಲೆಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಗೌರಮ್ಮ ನಮ್ಮ ಬಾಗಿಲು ತುಂಬಿ ನಿಂತಿದ್ದರು.

“ಎಂಬತ್ತೆಂಟಂದ್ರ ನಾವೇನ್ರೀ?”

“ಅಯ್ಯೋ ಇಲ್ಲ ಗೌರಮ್ಮ, ಅದು ಇಂಗ್ಲೆಂಡಿನಲ್ಲಿ...”

“ಇಂಗ್ಲೆಂಡಿನ ಮಟ ನಮ್ಮ ಸುದ್ದಿ ಹೋಗ್ಯಾದೇನು?” ಎಂದು ಕಣ್ಣು ಅಗಲಿಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು, “ಇರ್ಲಿ ತಗೋರಿ. ಊರಾಗ ಯಾರಿಗೈತಿ ಸ್ವಂತ ನಂಬರು? ಇನ್ನ ಮ್ಯಾಲೆ ಎಂಬತ್ತೆಂಟು ಇದ್ದ ಟಿಕೆಟ್ಟ ನನಗ ಬೇಕಂತ ಮಲ್ಲವ್ವಗ ಹೇಳ್ರಿ” ಎಂದು ಚಹಾ ಕುಡಿದೇ ಹೋದರು.

ಹೀಗೆ ಎಲ್ಲರಿಗೂ ಎಲ್ಲವೂ ಸಿಕ್ಕಿತ್ತು. ಗೌರಮ್ಮನಿಗೆ ನಂಬರು, ಮಲ್ಲಮ್ಮನಿಗೆ ವ್ಯಾಪಾರ, ಖಾಜಾಸಾಬರಿಗೆ ಲಾಭ, ನನಗೆ ವಾರಕ್ಕೊಂದು ಮಧ್ಯಾಹ್ನದ ರಾಜ್ಯಭಾರ. ಏನೂ ಸಿಗದೆ ಉಳಿದವಳು ಒಬ್ಬಳೇ. ಖಾಜಾಸಾಬರ ಹೆಂಡತಿ ಜುಬೇದಾ.

ಕಾರಣ ಖಾಜಾಸಾಬರೇ. ಆಟ ಶುರುವಾದ ಮೊದಲ ಭಾನುವಾರ ಹುರುಪಿನಲ್ಲಿ ಮೈಕು ಹಿಡಿದು ಊರಿಗೆಲ್ಲ ಸಾರಿಬಿಟ್ಟಿದ್ದರು: “ಇದು ಸಾಚಾ ಆಟ. ನಮ್ಮ ಮನ್ಯಾಗ ಯಾರೂ ಟಿಕೆಟ್ ತಗಳಂಗಿಲ್ಲ. ನನ್ನ ಜುಬಾನ್!” ನಾಲಿಗೆ ಕೊಟ್ಟಾಗಿತ್ತು. ಜುಬೇದಾಳನ್ನು ಕೇಳಿರಲಿಲ್ಲ.

ಪಡಸಾಲೆಗೂ ಒಳಮನೆಗೂ ನಡುವೆ ಒಂದು ಹೂವಿನ ಪರದೆ. ಅದರಾಚೆ ಜುಬೇದಾ ಕೂತು ನನ್ನ ನಂಬರುಗಳನ್ನು ಕೇಳುತ್ತಿದ್ದಳು. ಮಾರಾಟವಾಗದೆ ಉಳಿದ ಯಾವುದೋ ಹರಕು ಚೀಟಿಯ ಮೇಲೆ ಹುಣಸೆಬೀಜ ಇಡುತ್ತ ಒಬ್ಬಳೇ ಆಡುತ್ತಿದ್ದಳು. ಆಟ ಮುಗಿದ ಮೇಲೆ ನನಗೆ ಚಹಾ ತಂದಿಟ್ಟು ಪಿಸುಗುಡುತ್ತಿದ್ದಳು.

“ಇವತ್ತು ಗಾಂಧಿನಗರದಾಕಿಗಿಂತ ಮೊದ್ಲ ನಂದಾಗಿತ್ರೀ. ಖರೇ ಟಿಕೆಟ್ ಇದ್ದಿದ್ರ ಆ ಬಹುಮಾನದ ಚಾದರ ನಂದು.”

“ಒಂದು ದಿನ ಖಾಜಾಸಾಬರಿಗೆ ಹೇಳಿ ನೋಡೋಣ ಜುಬೇದಾ.”

“ನಕ್ಕೋ ಜೀ, ನಕ್ಕೋ. ಅವ್ರ ಜುಬಾನ್ ದೊಡ್ಡದು.” ಕಪ್ಪು ತೊಳೆಯುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. “ನಮ್ಮ ಮನಿ ಬಾವಿ, ಊರೆಲ್ಲ ನೀರು ಸೇದತದ. ನನಗೊಬ್ಬಾಕಿಗೇ ಹಗ್ಗಿಲ್ಲ, ನೋಡ್ರಿ.”

ಅವಳಿಗೆ ಬೇಕಾಗಿದ್ದು ಚಾದರವಲ್ಲ. ಚಾದರಗಳು ಅವರ ಮನೆಯಲ್ಲಿ ಬೇಕಾದಷ್ಟಿದ್ದವು. ಇಡೀ ಊರು ಆಡುವ ಆಟದಲ್ಲಿ ತಾನೂ ಒಬ್ಬಳಾಗಿ ಒಂದೇ ಒಂದು ಸಲ “ಆತು” ಎನ್ನಬೇಕಿತ್ತು. ಹುಣಸೆಬೀಜದ ಎದುರಿಗಲ್ಲ, ಊರ ಎದುರಿಗೆ.

ಒಂದು ಭಾನುವಾರ ದೊಡ್ಡ ಬಹುಮಾನವಾಗಿ ಬಂದದ್ದು ಪ್ರೆಶರ್ ಕುಕ್ಕರ್. ಮೇಜಿನ ಮೇಲೆ ಅರಿಶಿನ ಕುಂಕುಮವಿಟ್ಟುಕೊಂಡು ಹೊಸ ಮದುಮಗಳಂತೆ ಕೂತಿತ್ತು. ಟಿಕೆಟ್ಟುಗಳೆಲ್ಲ ಖರ್ಚಾಗಿದ್ದವು. ಆಟ ಕೊನೆ ಮುಟ್ಟಿ ಊರು ಉಸಿರು ಬಿಗಿಹಿಡಿದಿತ್ತು. ನಾನು ಸಂಚಿಗೆ ಕೈ ಹಾಕಿದೆ. ಹೊಸ ಹಸಿರು ಬಳೆಗಳು ಮಲ್ಲಮ್ಮನಿಗೆ ಬೇಕಾದಂತೆ ಘಲ್ಲೆಂದವು. ಬಿಲ್ಲೆ ತೆಗೆದೆ.

“ನಮ್ಮ ಗೌರಮ್ಮನವರ ಸ್ವಂತ ನಂಬರು, ಎಂಬತ್ತೆಂಟು!”

“ಆತೂ!”

ಬಾಗಿಲಿನಿಂದಲ್ಲ. ಫೋನಿನಿಂದಲ್ಲ. ಪರದೆಯ ಹಿಂದಿನಿಂದ.

“ನಂದಾತು! ಫುಲ್ ಹೌಸ್ ನಂದಾತು! ಹೋ ಗಯಾ!”

ಮೈಕಿಗೆ ಮುಲಾಜಿಲ್ಲ. ಎದುರಿನ ದನಿಯನ್ನು ಹೇಗೋ ಹಾಗೆಯೇ ಹಿಂದಿನ ದನಿಯನ್ನೂ ಹೊತ್ತು ಕಂಬದಿಂದ ಕಂಬಕ್ಕೆ ಹಾರಿ ಮನೆಮನೆಯೊಳಗೆ ಇಳಿಸಿತು. ಖಾಜಾಸಾಬರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಪರದೆ ಸರಿಯಿತು. ಜುಬೇದಾ ತಲೆಯ ಮೇಲೆ ಸೆರಗೆಳೆದುಕೊಂಡು ಬಂದು ಮೇಜಿನ ಮೇಲೆ ಚೀಟಿ ಇಟ್ಟಳು. ಹರಕು ಚೀಟಿಯಲ್ಲ, ಮಲ್ಲಮ್ಮನಿಂದ ದುಡ್ಡು ಕೊಟ್ಟು ಕೊಂಡ ಖರೇ ಟಿಕೆಟ್ಟು. ಮಲ್ಲಮ್ಮನಿಗೆ ಯಾರ ಜುಬಾನಿನ ಗೊಡವೆಯೂ ಇರಲಿಲ್ಲ. ಅವಳಿಗೆ ಎಲ್ಲ ಮುಂಗೈಗಳೂ ಒಂದೇ.

ಅಷ್ಟು ದಿನ ನನ್ನ ಎರಡು ಕೈ ಮಾತ್ರ ಕಾಣುತ್ತಿದ್ದ ಸಿಂಧನೂರಿನ ಟೀವಿಗಳಲ್ಲಿ ಅಂದು ಮೂರನೆಯ ಕೈಯೊಂದು ಕಂಡಿತು. ಮದರಂಗಿ ಮಾಸಿದ, ಚಹಾ ಸೋಸಿ ಬಿಸಿಯಾಗಿದ್ದ ಕೈ. ಅದು ಚೀಟಿಯನ್ನು ಇನ್ನೂ ಬಿಟ್ಟಿರಲಿಲ್ಲ. ನಾನು ಚೀಟಿ ತಾಳೆ ನೋಡಿದೆ. ಒಂದಂಕಿಯೂ ತಪ್ಪಿರಲಿಲ್ಲ.

ಚಹಾ ಆರುವಷ್ಟರಲ್ಲಿ ಬಾಗಿಲಲ್ಲಿ ಜನ. ಮುಂದೆ ವೀರಭದ್ರಪ್ಪನವರು.

“ಏನ್ ಖಾಜಾಸಾಬ್, ಸಂಚಿ ನಿಮ್ಮನ್ಯಾಗ, ಬಿಲ್ಲಿ ನಿಮ್ಮನ್ಯಾಗ, ಈಗ ಕುಕ್ಕರೂ ನಿಮ್ಮನ್ಯಾಗ! ಊರ ಮಂದಿ ಏನ್ ಸೀಟಿ ಹೊಡೀಬೇಕೇನು?”

“ಮ್ಯಾಲೆ ಬೋಗುಣಿ, ಕೆಳಗ ಕುಕ್ಕರು!” ಎಂದಿತು ಹಿಂದಿನಿಂದ ಒಂದು ದನಿ. ನಗೆ ಎದ್ದಿತು, ಅದು ಒಳ್ಳೆಯ ನಗೆಯಲ್ಲ.

ಆಗ ಜನ ತಾನಾಗಿ ಇಬ್ಭಾಗವಾಯಿತು. ನಡುವೆ ಏದುಸಿರು ಬಿಡುತ್ತ ಗೌರಮ್ಮ, ಹಿಂದೆ ನೆಗೆಣ್ಣಿ. ನನ್ನ ಎಂಬತ್ತೆಂಟು ನಡೆದು ಬಂದಂತಿತ್ತು.

“ಅಕಿ ಟಿಕೆಟ್ಟಿಗೆ ರೊಕ್ಕ ಕೊಟ್ಟಾಳೋ ಇಲ್ಲೋ?” ಎಂದು ಮಲ್ಲಮ್ಮನನ್ನು ಕೇಳಿದರು.

“ಕೊಟ್ಟಾಳ್ರೀ ಯವ್ವಾ. ನಿಮ್ಹಂಗ ಉದ್ರಿ ಹೇಳಿಲ್ಲ.”

ಗೌರಮ್ಮ ಅದನ್ನು ಕೇಳಿಸಿಕೊಳ್ಳದೆ ಗಂಡನ ಕಡೆ ತಿರುಗಿದರು. ಗಂಡನ ಹೆಸರು ಹೇಳುವಂತಿಲ್ಲವಲ್ಲ, ಗಾಳಿಗೆ ಹೇಳಿದರು. “ಗಿರಣಿ ತಮ್ಮದಂತ ತಮ್ಮ ಹೆಂಡ್ರು ಉಪಾಸ ಕೂತಾರೇನು ಅಂತ ಕೇಳ್ರಿ ಇವ್ರಿಗೆ! ಗಿರಣ್ಯಾಗಿನ ಅಕ್ಕಿ ನಾ ದಿನಾ ಎರಡು ಹೊತ್ತು ಉಣ್ತೀನಿ. ಯಾರರ ಕಳ್ಳಿ ಅಂದಾರೇನು ನನಗ?”

ನೋಡಿದವರಿಗೆ ಅವರು ಉಣ್ಣುತ್ತಿದ್ದುದರಲ್ಲಿ ಸಂಶಯ ಬರುವಂತಿರಲಿಲ್ಲ. ವೀರಭದ್ರಪ್ಪನವರ ದನಿ ತಗ್ಗಿತು. ಅವರೇನೂ ಕೆಟ್ಟ ಮನುಷ್ಯರಲ್ಲ, ರಾಜಿಗೆ ಇಳಿದರು. “ನೋಡ್ ಖಾಜಾಸಾಬ್, ಆಟ ಛಲೋ ಐತಿ, ನಿಲ್ಬಾರ್ದು. ಮೈಕ್ ಹಿಡದು ಒಂದ ಮಾತು ಅನ್ನು. ಟಿಕೆಟ್ ಖೊಟ್ಟಿ, ಹೆಣ್ಮಗಳು ತಿಳೀದ ಮಾಡ್ಯಾಳ ಅಂತ. ಮತ್ತೊಂದು ನಂಬರ್ ತಗೀರಿ. ಮುಂದಿನ ಐತಾರ ಆಟ ಇದ್ದದ್ದ.”

ಒಂದೇ ಮಾತು. ಎಷ್ಟು ಅಗ್ಗ! ನನಗೂ ಒಳಗೊಳಗೆ ಆಸೆಯಾಯಿತು ಎನ್ನಬೇಕು. ಅಂದುಬಿಡಲಿ, ಆಟ ಉಳಿಯಲಿ, ನನ್ನ ಭಾನುವಾರ ಉಳಿಯಲಿ. ಜುಬೇದಾ ಪರದೆಯ ಪಕ್ಕ ನಿಂತಿದ್ದಳು. ಗಂಡನನ್ನು ನೋಡುತ್ತಿರಲಿಲ್ಲ, ಕುಕ್ಕರನ್ನೂ ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಬಿಲ್ಲೆಯನ್ನು ನೋಡುತ್ತಿದ್ದಳು.

ಖಾಜಾಸಾಬರು ಎಲೆಯಡಿಕೆ ಉಗಿದು ಬಂದು ಬಾಯಿ ಒರೆಸಿ ಮೈಕು ತೆಗೆದುಕೊಂಡರು.

“ಟಿಕೆಟ್ ಖರೇ ಐತಿ. ಗೆದ್ದದ್ದೂ ಖರೇ. ನಾ ಕೊಟ್ಟ ಜುಬಾನೂ ಖರೇ. ಈ ಮೂರೂ ಖರೇ ಇರ್ಬೇಕಂದ್ರ ಆಟ ಇರಂಗಿಲ್ಲ. ಇವತ್ತಿಗೆ ಆಟ ಬಂದ್.”

ಕುಕ್ಕರನ್ನು ಎರಡೂ ಕೈಯಿಂದ ಎತ್ತಿ ಹೆಂಡತಿಗೆ ಕೊಟ್ಟರು. ಕ್ಯಾಮೆರಾ ಆರಿಸಿದರು. ಟೀವಿಯಲ್ಲಿ ಇರುವೆ ಹರಿದಾಡಿದಂತಾಗಿ ಸಿಂಧನೂರು ಬರಿದಾಯಿತು.

ಊರು ನಂಬಲಿಲ್ಲ. ಭರ್ಜರಿ ಲಾಭದ ಆಟವನ್ನು ಯಾರಾದರೂ ಹೀಗೆ ಮುಚ್ಚುತ್ತಾರೆಯೇ? ನಿಜವಾದ ಕಾರಣ ಬೇರೆ ಇರಬೇಕೆಂದು ಚಹಾದಂಗಡಿಗಳಲ್ಲಿ ಸಂಶೋಧನೆ ನಡೆಯಿತು. ಭಾನುವಾರದ ಹೊತ್ತನ್ನು ಬೀಜ ಗೊಬ್ಬರದವರು ಹೆಚ್ಚಿನ ಬಾಡಿಗೆಗೆ ಹಿಡಿದಿದ್ದಾರೆ ಎಂದರು ಕೆಲವರು. ಕ್ಯಾಮೆರಾದವನು ಕೈಕೊಟ್ಟ ಎಂದರು ಕೆಲವರು. ಹಳೆ ಆಟ ನಿಲ್ಲಿಸಿ ಹೊಸ ಆಟ ತರುವ ಹಂಚಿಕೆ ಇದು, ಆಗ ಟಿಕೆಟ್ಟು ತುಟ್ಟಿ ಮಾಡುತ್ತಾನೆ ಎಂದವರೂ ಇದ್ದರು. ನಿಕ್ಕಿಯ ಕಂಪನಿಯ ಬಗ್ಗೆ ಅವಳ ಫೋನಿನಲ್ಲಿ ಲೋಕದ ಬುದ್ಧಿವಂತರೆಲ್ಲ ಬರೆದಿದ್ದನ್ನು ಅವಳು ಓದಿ ಹೇಳಿದಳು. ಅಚ್ಚರಿಯೆಂದರೆ ಕಾರಣಗಳೆಲ್ಲ ನಮ್ಮ ಚಹಾದಂಗಡಿಯವೇ, ಇಂಗ್ಲಿಷ್ ಮಾತ್ರ ಹೊಸದು.

ಮುಂದಿನ ಭಾನುವಾರ ನನ್ನ ಕೈಗಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಟೀವಿ ಹಚ್ಚಿದೆ, ಆರಿಸಿದೆ. ಮಸ್ಕಿಯ ನಾದಿನಿಗೆ ಅಣ್ಣನ ನೆನಪು ಬರಲಿಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ ಸಂಚಿಯನ್ನು ಬಗಲಲ್ಲಿಟ್ಟುಕೊಂಡು ಖಾಜಾಸಾಬರ ಮನೆಗೇ ಹೋದೆ. ಅವರು ಪಡಸಾಲೆಯಲ್ಲಿ ವೈರು ಸುತ್ತುತ್ತಿದ್ದರು. ಒಳಗಿನಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು.

“ಖಾಜಾಸಾಬ್, ಮನಿಯೋರೂ ಆಡಬಹುದು ಅಂತ ಕಾನೂನು ಬದಲು ಮಾಡಿದ್ರ ಆಗ್ತಿತ್ತಲ್ರೀ. ಲಾಭ ಇತ್ತಲ್ರೀ!”

“ಹೆಂಡ್ತಿ ಗೆದ್ದ ಮ್ಯಾಲೆ ಕಾನೂನು ಬದಲ್ ಮಾಡ್ದ ಅಂತಿದ್ರು.” ವೈರಿನ ಗಂಟು ಬಿಡಿಸುತ್ತ ನಿಧಾನಕ್ಕೆ ಹೇಳಿದರು. “ಲಾಭ ಇತ್ತ್ರೀ ಮೇಡಮ್ಮೋರ, ಇಲ್ಲನ್ನಂಗಿಲ್ಲ. ಆದ್ರ ಲಾಭ ಐತಾರಕ್ಕೊಮ್ಮೆ ಬರ್ತಿತ್ತು. ಅಕಿ ದಿನಾ ಮುಂಜಾನಿ ಬರ್ತಾಳ್ರೀ, ಚಾ ತಗೊಂಡು. ಊರ ಮುಂದ ಅಕಿನ್ನ ಕಳ್ಳಿ ಅಂದು, ಆ ಚಾ ಹ್ಯಾಂಗ ಕುಡೀಲಿ?”

ನಾನು ಸಂಚಿಯನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿದೆ. ಅಷ್ಟರಲ್ಲಿ ಪರದೆಯ ಸಂದಿನಿಂದ ಜುಬೇದಾ ಇಣುಕಿದಳು. ಅವಳ ಕಣ್ಣು ನನ್ನ ಬಗಲಿನ ಮೇಲಿತ್ತು.

“ಸಂಚಿ ತಂದೀರೇನ್ರೀ? ತಂದ್ರ ಒಳಗ ಬರ್ರಿ. ಅವ್ರ ಜುಬಾನು ಪಡಸಾಲಿಗಷ್ಟ, ಅಂಗಳಕ್ಕಿಲ್ಲ.”

ಒಳಗಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಚಾಪೆ ಹಾಸಿತ್ತು. ಚಾಪೆಯ ಮುಕ್ಕಾಲನ್ನು ಗೌರಮ್ಮ ಆಗಲೇ ಆಕ್ರಮಿಸಿದ್ದರು, ಉಳಿದ ಕಾಲುಭಾಗದಲ್ಲಿ ಮಲ್ಲಮ್ಮ ತನ್ನ ಬಳೆ ಮಲಾರ ಇಟ್ಟಿದ್ದಳು. ಬಹುಮಾನವಿಲ್ಲ, ಮೈಕಿಲ್ಲ, ಕರೀ ವೈರಿಲ್ಲ. ಉಳಿದಿದ್ದ ಹಳೆ ಚೀಟಿಗಳು, ಹುಣಸೆಬೀಜ, ತಿನ್ನಲು ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ. ಅಂದು ಮೊದಲ ಸಲ ನನ್ನ ಮುಖ ನೋಡಿಕೊಂಡೇ ಅವರು ನಂಬರು ಕೇಳಿದರು. “ಕೈನ ಚಂದಿದ್ವು ಬಿಡ್ರಿ” ಎಂದಳು ಮಲ್ಲಮ್ಮ. ವಾರವಾರ ಆಡಿದೆವು. ಎಲ್ಲರಿಗೂ ಎಂಬತ್ತೆಂಟು ಇದ್ದ ಚೀಟಿಯೇ ಬೇಕು. ಗೌರಮ್ಮನಿಗೆ ಅದು ಸ್ವಂತ ನಂಬರು, ಜುಬೇದಾಳಿಗೆ ಗೆದ್ದ ನಂಬರು, ಮಲ್ಲಮ್ಮನಿಗೆ ಅವರಿಬ್ಬರಿಗೂ ಇದ್ದದ್ದು ತನಗೂ ಇರಲಿ ಎಂಬ ಹಟ. ಹುಡುಕಿ ಹುಡುಕಿ ಅಂಥ ಚೀಟಿಗಳನ್ನೇ ಇಟ್ಟುಕೊಂಡೆವು.

ಆಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಸಾಮಾನು ಹೇರಿದ ಲಾರಿ ಮುಂದೆ ಹೋಗಿತ್ತು. ಜೀಪು ಹೊರಡುವುದರಲ್ಲಿದ್ದಾಗ ಜುಬೇದಾ ಬಂದಳು. ಸಂಚಿಯನ್ನು ಹಿಂದಿನ ದಿನವೇ ಅವಳಿಗೆ ಕೊಟ್ಟು ಬಂದಿದ್ದೆ. ನನ್ನ ಅಂಗೈಯಲ್ಲಿ ಏನನ್ನೋ ಒತ್ತಿ ಬೆರಳು ಮುಚ್ಚಿದಳು.

“ಇದು ನಿಮ್ ಹತ್ರ ಇರ್ಲಿ.”

ಮುಟ್ಟಿದೊಡನೆ ಬಿಲ್ಲೆ ಎಂದು ತಿಳಿಯಿತು. ಯಾವುದೆಂದು ಕೇಳಬೇಕಾಗಿರಲಿಲ್ಲ.

“ಸಿಲ್ಲಿ ಗರ್ಲ್! ಇದಿಲ್ಲದ ನಿಮ್ಮ ಆಟ ಹ್ಯಾಂಗ ನಡೀತದ? ಯಾರಿಗೂ ಫುಲ್ ಹೌಸ್ ಆಗಂಗೇ ಇಲ್ಲ.”

“ಆಗಬಾರ್ದ್ರೀ,” ಎಂದಳು ಜುಬೇದಾ. ಸೆರಗಿನ ಮರೆಯಲ್ಲಿ ತುಂಟ ನಗು. “ಫುಲ್ ಹೌಸ್ ಆದ್ರ ಆಟ ಮುಗೀತದ. ಮುಗಿಯದ ಆಟಾನ ಯಾರ್ ಬಂದ್ ಮಾಡ್ತಾರ?”

ಜೀಪು ಹೊರಟಿತು. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮುಷ್ಟಿ ತೆರೆದು ನೋಡಿದೆ. ಕೆಂಪು ಬಣ್ಣ ಬೆವರಿಗೆ ಅಂಗೈಗೆ ಹತ್ತಿತ್ತು. “ಏನದು?” ಎಂದರು ಮನೆಯವರು. “ಗುಂಡಿ” ಎಂದೆ. ಗುಂಡಿ ಡಬ್ಬಿಗೆ ಅದು ಸೇರಿದ್ದು ಹಾಗೆ.

ನಿಕ್ಕಿ ಎದ್ದು ಕೂತಿದ್ದಳು. ಎರಡೂ ಕಣ್ಣು ಹೊರಗಿದ್ದವು.

“ಹಂಗಾದ್ರ ನಮ್ ಗೇಮ್ ಯಾಕ ಮುಚ್ಚಿದ್ರು ಅಜ್ಜಿ?”

“ನಂಗೇನ್ ಗೊತ್ತು? ಆ ಕಂಪನಿ ಸಾಹೇಬನ ಹೆಂಡ್ತಿ ಪರದೆ ಹಿಂದ ಕೂತು ಗೆದ್ದಿರಬೇಕು. ಪಾಪ, ಅವನಿಗೆ ನಾಳೆ ಚಹಾ ಬೇಕಲ್ಲ.”

ಅವಳು ನಕ್ಕಳು. ಆಮೇಲೆ ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿ ವಾಪಸು ಕೊಟ್ಟಳು. ಬ್ರೆಜಿಲ್ಲಿನ ಗೆಳತಿಯ ಅಡ್ರೆಸ್ಸು ಕೇಳಿಟ್ಟುಕೊಳ್ಳಬೇಕು ಎಂದು ತನಗೆ ತಾನೇ ಎನ್ನುತ್ತ ಫೋನು ಎತ್ತಿಕೊಂಡು ಕೋಣೆಯ ಕಡೆ ಹೊರಟಳು. ಅರ್ಧ ದಾರಿಯಲ್ಲಿ ನಿಂತು ಕೇಳಿದಳು, “ಅಜ್ಜಿ, ಸಿಂಧನೂರಾಗ ಆ ಆಟ ಈಗ ಇಲ್ಲಲ್ಲ?”

ನಾನು ಬಿಲ್ಲೆಯನ್ನು ಡಬ್ಬಿಯ ತಳಕ್ಕೆ ಹಾಕಿ, ಒಂಟಿ ಕಿವಿಯೋಲೆ, ಕೀಲಿಕೈ, ಕೋಟಿನ ಗುಂಡಿಗಳನ್ನು ಅದರ ಮೇಲೆ ಹರಡಿ ಮುಚ್ಚಳ ಒತ್ತಿದೆ. ರವಿಕೆಗೆ ಸೇಫ್ಟಿ ಪಿನ್ನು ಸಾಕು.

“ಇಲ್ಲದೇನು? ಎಂಬತ್ತೆಂಟು ಇನ್ನೂ ಬಿದ್ದೇ ಇಲ್ಲಲ್ಲ.”